ಜಹೀರಾಬಾದ್ ಹಾದಿಯ ತೀರ್ಮಾನ: ಸೇನಾಧಿಕಾರಿಗಳಿಗೆ ಯುದ್ಧದಾಟ ಕಲಿಸುವುದೇನು?

1948ರ ಸೆಪ್ಟೆಂಬರ್ 16ರ ನಸುಕಿನಲ್ಲಿ ಭಾರತೀಯ ಸೇನೆಯ ಲೆಫ್ಟಿನೆಂಟ್ ಕರ್ನಲ್ ರಾಮ್ ಸಿಂಗ್ ಅವರ ಪಡೆ ಜಹೀರಾಬಾದ್ ಕಡೆಗೆ ಹೊರಟಿತು. ಮೂರು ದಿನ ಮೊದಲು ಸೊಲ್ಲಾಪುರದ ಕಡೆಯಿಂದ ಹೈದರಾಬಾದಿನ ನಿಜಾಮರ ಸೀಮೆಯೊಳಕ್ಕೆ ಬಂದ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಸೇನೆ ಆ ಹೊತ್ತಿಗೆ ನಳದುರ್ಗ, ಉಮರ್ಗಾ, ರಾಜೇಶ್ವರಗಳನ್ನು ಹಾದಿತ್ತು. ರಸ್ತೆಯಲ್ಲಿ ನೆಲಬಾಂಬು ಹೂತಿದ್ದರಿಂದ ಅವನ್ನು ತೆಗೆಯುವವರೆಗೆ ಪಡೆಯ ವೇಗ ಕುಗ್ಗಿತು. ಬೀದರ್ ರಸ್ತೆ ಬಂದು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಕೂಡುವ ಜಾಗದಲ್ಲಿ ಹೊಂಚು ಹಾಕಿದ್ದವರು ಗುಂಡು ಹಾರಿಸತೊಡಗಿದರು. ಅವರನ್ನು ಎದುರಿಸಲು ಒಂದಷ್ಟು ತುಕಡಿಗಳನ್ನು ಅಲ್ಲೇ ಬಿಟ್ಟು, ಪಡೆಯ ದೊಡ್ಡ ಭಾಗ ಮುಂದೆ ಸಾಗಿತು. ಅಲ್ಲಲ್ಲಿ ಪ್ರತಿರೋಧ ಎದುರಾದರೂ ಕತ್ತಲಾಗುವ ಹೊತ್ತಿಗೆ ಅದು ಜಹೀರಾಬಾದ್ ದಾಟಿ ಹದಿನೈದು ಕಿಲೋಮೀಟರ್ ಆಚೆಗಿತ್ತು. ಮರುದಿನ ಸಂಜೆ ನಿಜಾಮರು ಕದನವಿರಾಮ ಸಾರಿದರು.

ಆಗ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. 1956ರ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶದ ಪಾಲಾದವು, ಈಗ ತೆಲಂಗಾಣದಲ್ಲಿವೆ. ಈ ಗಡಿ ಸೀಮೆಯ ಸುತ್ತ ಇವತ್ತು ಸೇನಾ ಶಿಕ್ಷಣದ ದೊಡ್ಡ ದೊಡ್ಡ ನೆಲೆಗಳಿವೆ. ಜಹೀರಾಬಾದಿನ ಪಕ್ಕದಲ್ಲೇ ಬೀದರ್ ವಾಯುನೆಲೆ ಇದೆ. ಹೈದರಾಬಾದಿನ ಅಂಚಿನ ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ, ಸಿಕಂದರಾಬಾದಿನಲ್ಲಿ 1970ರಲ್ಲಿ ಶುರುವಾದ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್, ಅದೇ ಊರಿನಲ್ಲಿ ಭೂಸೇನೆಗೆ ಸಿಮ್ಯುಲೇಟರ್ ರೂಪಿಸುವ ವಿಭಾಗ, ಹೈದರಾಬಾದಿನಲ್ಲಿ 1993ರಿಂದ ಸಿಮ್ಯುಲೇಟರ್ ತಯಾರಿಸುತ್ತಿರುವ ಝೆನ್ ಟೆಕ್ನಾಲಜೀಸ್ ಇವೆ. ಹೀಗಾಗಿ ಅಧಿಕಾರಿಗೆ ತೀರ್ಮಾನ ತೆಗೆದುಕೊಳ್ಳುವುದನ್ನು ಕೃತಕ ಸನ್ನಿವೇಶದಲ್ಲಿ ಕಲಿಸಬಹುದೇ, ಕಲಿಸಿದರೆ ಅವನಿಗೆ ದಕ್ಕುವುದೇನು, ದಕ್ಕದೆ ಉಳಿಯುವುದೇನು ಎಂಬ ಪ್ರಶ್ನೆ ನಮ್ಮ ಹಿತ್ತಿಲಿನದೇ.

ಇದರ ಆಧುನಿಕ ಚರಿತ್ರೆ ಪ್ರಶ್ಯದಿಂದ ಶುರುವಾಗುತ್ತದೆ. 1812ರ ಸುಮಾರಿಗೆ ರೈಸ್‌ವಿಟ್ಸ್ ಎಂಬವನು ಅಲ್ಲಿನ ಅರಸನಿಗೆ ನೆಲದ ಏರಿಳಿತ ತೋರುವ ಆಟದ ಮೇಜೊಂದನ್ನು ಮಾಡಿಕೊಟ್ಟ. 1824ರಲ್ಲಿ ಅವನ ಮಗ, ತಾನೇ ಸೇನಾಧಿಕಾರಿಯಾಗಿದ್ದವನು, ಆಟವನ್ನು ನಿಜವಾದ ನಕಾಶೆಯ ಮೇಲೆ ಆಡುವಂತೆ ತಿದ್ದಿದ. ದಾಳ ಬಂತು, ಎರಡು ಪಕ್ಷಗಳ ನಡುವೆ ಅಂಪೈರ್ ಬಂದ. ಸೇನಾ ಮುಖ್ಯಸ್ಥ ಮಫ್ಲಿಂಗ್ ಅದನ್ನು ನೋಡಿ ಇಡೀ ಸೇನೆಗೆ ಶಿಫಾರಸು ಮಾಡಿದ. ಕಾಲ ಕಳೆದಂತೆ ನಿಯಮಗಳು ಬೆಳೆದು ಲೆಕ್ಕದ ಕೋಷ್ಟಕಗಳೇ ಆಟವನ್ನು ನುಂಗತೊಡಗಿದವು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ ಕೋಷ್ಟಕಗಳನ್ನು ಬದಿಗಿಟ್ಟು, ಯುದ್ಧ ಕಂಡ ಅಂಪೈರನ ವಿವೇಚನೆಗೇ ತೀರ್ಪು ಬಿಟ್ಟುಬಿಡೋಣ ಎಂದ. ಕಟ್ಟುನಿಟ್ಟಿನ ನಿಯಮವೋ ಅನುಭವಿಯ ವಿವೇಚನೆಯೋ ಎಂಬ ಆ ಜಗಳ ಇಂದಿಗೂ ಮುಗಿದಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಹೊಸ ಕಾವು ಬಂದಿದೆ, ಅಷ್ಟೆ.

ಭಾರತೀಯ ಸೇನೆಗೆ ಈ ಪದ್ಧತಿ ಬಂದದ್ದು ಬ್ರಿಟಿಷರ ಸ್ಟಾಫ್ ಕಾಲೇಜುಗಳ ಮೂಲಕ. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933ರಲ್ಲಿ ಸೇರಿದ ಮೊದಲ ಭಾರತೀಯ ಅಧಿಕಾರಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ. ದೇಶ ಒಡೆದ ಮೇಲೆ ಆ ಕಾಲೇಜಿನ ನಮ್ಮ ಪಾಲು ನೀಲಗಿರಿಯ ವೆಲ್ಲಿಂಗ್ಟನ್‌ಗೆ ಬಂತು. ಮಧ್ಯಪ್ರದೇಶದ ಮಹೂದಲ್ಲಿ 1971ರಲ್ಲಿ ಕಾಲೇಜ್ ಆಫ್ ಕಾಂಬ್ಯಾಟ್ ತೆರೆಯಿತು, ಈಗ ಅದರ ಹೆಸರು ಆರ್ಮಿ ವಾರ್ ಕಾಲೇಜ್. ಇಲ್ಲೆಲ್ಲ ಬಳಕೆಯಲ್ಲಿರುವ ಸಾಧನಗಳಲ್ಲಿ ಎರಡು ತುಂಬ ಸರಳ. ಒಂದು ಸ್ಯಾಂಡ್ ಮಾಡೆಲ್: ಮರಳು, ಬಣ್ಣ, ದಾರ, ಕಡ್ಡಿಗಳಿಂದ ನೆಲದ ಮೇಲೆ ಗುಡ್ಡ, ಹಳ್ಳ, ರಸ್ತೆ, ಊರುಗಳನ್ನು ಮೂಡಿಸಿ ಅದರ ಸುತ್ತ ನಿಂತು ಚರ್ಚಿಸುವುದು. ಇನ್ನೊಂದಕ್ಕೆ ಸೇನೆಯವರು ಚುಟುಕಾಗಿ ಟ್ಯೂಟ್ ಎನ್ನುತ್ತಾರೆ. ಅಧಿಕಾರಿಗಳು ಸೈನಿಕರಿಲ್ಲದೆ ನಿಜವಾದ ಹೊಲಗದ್ದೆಗಳ ನಡುವೆ ನಿಂತು, ಪಡೆ ಇಲ್ಲಿದ್ದಿದ್ದರೆ ಏನು ಮಾಡುತ್ತೀಯ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು.

ಜಹೀರಾಬಾದ್ ಹಾದಿಯನ್ನೇ ಒಂದು ಪಾಠವಾಗಿಸಿ ನೋಡೋಣ. ಅಮೆರಿಕದ ಮರೀನ್ ಪಡೆಯ ಪತ್ರಿಕೆಯಲ್ಲಿ ಜಾನ್ ಶ್ಮಿಟ್ 1990ರಿಂದ ಜನಪ್ರಿಯಗೊಳಿಸಿದ 'ತೀರ್ಮಾನದ ಆಟ'ಗಳ ರೀತಿ ಇದು. ಒಂದು ಪುಟದ ಸನ್ನಿವೇಶ, ಒಂದು ನಕಾಶೆ, ಕೆಲವೇ ನಿಮಿಷ. ನೀವು ಪಡೆಯ ಮುಖ್ಯಸ್ಥರು. ನಿಮ್ಮ ಹಿಂದೆ ಶಸ್ತ್ರಸಜ್ಜಿತ ಗಾಡಿಗಳು, ಲಾರಿಗಳಲ್ಲಿ ಪದಾತಿಗಳು. ನೆಲಬಾಂಬು ತೆಗೆಯುವುದರಲ್ಲೇ ಬೆಳಗಿನ ಹೊತ್ತು ಹೋಗಿದೆ. ಸೆಪ್ಟೆಂಬರ್ ನಡು ತಿಂಗಳು, ಮಳೆಗಾಲ ಮುಗಿದಿಲ್ಲ. ರಸ್ತೆ ಬಿಟ್ಟು ಎರೆಹೊಲಕ್ಕೆ ಇಳಿದರೆ ಗಾಲಿ ಹೂತುಕೊಳ್ಳುತ್ತದೆ. ಎರಡೂ ಬದಿ ಜೋಳ, ತೊಗರಿ ಬೆಳೆದು ನಿಂತಿವೆ, ಒಳಗೆ ಯಾರಿದ್ದಾರೆ ಕಾಣುವುದಿಲ್ಲ. ಕೂಡುರಸ್ತೆಯಲ್ಲಿ ಗುಂಡಿನ ಸದ್ದು. ಎದುರಿಗಿರುವವರು ಹತ್ತು ಮಂದಿಯೋ ಇನ್ನೂರು ಮಂದಿಯೋ ಗೊತ್ತಿಲ್ಲ. ಮೇಲಿನಿಂದ ಬಂದ ಆದೇಶ ಒಂದೇ: ಬೇಗ ಹೈದರಾಬಾದ್ ಮುಟ್ಟಬೇಕು. ಈಗ ಹೇಳಿ.

ನಿಂತು ಹೊಂಚುಗಾರರನ್ನು ಪೂರ್ತಿ ತೆರವು ಮಾಡುತ್ತೀರಾ? ಬೆನ್ನು ಸುರಕ್ಷಿತ, ಆದರೆ ದಿನ ಹೋಗುತ್ತದೆ. ಅಷ್ಟರಲ್ಲಿ ಎದುರಾಳಿ ಮುಂದಿನ ಸೇತುವೆಯನ್ನು ಸ್ಫೋಟಿಸಬಹುದು. ವಿಮಾನಗಳ ನೆರವು ಕೇಳಿ ಕಾಯುತ್ತೀರಾ? ಎರಡು ದಿನ ಮೊದಲು ರಾಜೇಶ್ವರದ ಹಾದಿಯನ್ನು ಟೆಂಪೆಸ್ಟ್ ವಿಮಾನಗಳೇ ತೆರೆದುಕೊಟ್ಟಿದ್ದವು. ಅಥವಾ ಒಂದು ಭಾಗವನ್ನು ಇಲ್ಲಿ ಬಿಟ್ಟು ಮುಂದೆ ಹೋಗುತ್ತೀರಾ? ಹಾಗಾದರೆ ಎಷ್ಟು ಜನರನ್ನು ಬಿಡುತ್ತೀರಿ, ಅವರಿಗೆ ಯಾರು ನಾಯಕ, ನಿಮ್ಮ ಇಂಧನದ ಲಾರಿಗಳು ಅವರ ಮುಂದಿರಬೇಕೋ ಹಿಂದಿರಬೇಕೋ? ಇಂಥ ಆಟದಲ್ಲಿ 'ಹೀಗೆ ಮಾಡಬಹುದು' ಎಂಬ ಮಾತಿಗೆ ಜಾಗವಿಲ್ಲ. ನೀವು ಆದೇಶವನ್ನು ಆದೇಶದ ಭಾಷೆಯಲ್ಲೇ, ಕೆಳಗಿನ ಅಧಿಕಾರಿಗೆ ಕೇಳುವಂತೆ ಕೊಡಬೇಕು. ಆಮೇಲೆ ಪಾಠ ಹೇಳುವವರು ಕೇಳುತ್ತಾರೆ: ಯಾಕೆ? ಯಾವ ಸುಳಿವು ನೋಡಿ ಹೀಗೆಂದಿರಿ? ಯಾವ ಒಂದು ವಿಷಯ ಬದಲಾಗಿದ್ದರೆ ನಿಮ್ಮ ಆದೇಶವೂ ಬದಲಾಗುತ್ತಿತ್ತು? 1948ರಲ್ಲಿ ಆದದ್ದೇ ಸರಿಯುತ್ತರ ಎಂದು ಅವರು ಹೇಳಕೂಡದು. ಅದು ಆ ದಿನ ಫಲಿಸಿದ ಉತ್ತರ. ಎದುರಾಳಿಯ ಬಲ ಇನ್ನೂ ಹೆಚ್ಚಿದ್ದಿದ್ದರೆ ಹಿಂದೆ ಉಳಿದ ತುಕಡಿಗಳ ಗತಿ ಬೇರೆಯಾಗುತ್ತಿತ್ತು.

ಈ 'ಯಾಕೆ' ಎಂಬ ಪ್ರಶ್ನೆಯೇ ಇಡೀ ಪದ್ಧತಿಯ ಜೀವ ಎಂದು ನನ್ನ ನಂಬಿಕೆ. ಅದಕ್ಕೆ ಮನಶ್ಶಾಸ್ತ್ರದ ಬೆಂಬಲವೂ ಇದೆ. 1980ರ ದಶಕದಲ್ಲಿ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಅಧ್ಯಯನ ಮಾಡಿದಾಗ, ಅವರು ಉರಿಯುವ ಮನೆಯ ಮುಂದೆ ನಿಂತು ನಾಲ್ಕಾರು ದಾರಿಗಳನ್ನು ತೂಗಿ ನೋಡುವುದಿಲ್ಲ ಎಂಬುದು ಕಂಡುಬಂತು. ಹಿಂದೆ ಕಂಡ ಸನ್ನಿವೇಶವನ್ನು ಗುರುತಿಸಿ, ಮೊದಲು ಹೊಳೆದ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡಿ, ಹಿಡಿಸಿದರೆ ಹಿಡಿಯುತ್ತಾರೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಂಥ ಒಳಬುದ್ಧಿಯನ್ನು ಸಂಶಯದಿಂದ ನೋಡಿದವರು. ಯುವಕರಾಗಿ ಇಸ್ರೇಲ್ ಸೇನೆಯಲ್ಲಿದ್ದಾಗ, ಅಭ್ಯರ್ಥಿಗಳ ಗುಂಪು ಪರೀಕ್ಷೆ ನೋಡಿ ತಾವು ಆತ್ಮವಿಶ್ವಾಸದಿಂದ ಕೊಟ್ಟ ಅಂದಾಜುಗಳು ತರಬೇತಿಯಲ್ಲಿ ನಿಜವಾಗದೆ ಹೋದುದನ್ನು ಅವರು ಕಂಡಿದ್ದರು. 2009ರಲ್ಲಿ ಈ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಸನ್ನಿವೇಶದಲ್ಲಿ ಕಲಿಯಬಹುದಾದಂಥ ಕ್ರಮವಿರಬೇಕು, ಮಾಡಿದ್ದರ ಫಲ ಏನೆಂದು ಕಲಿಯುವವನಿಗೆ ಬೇಗ, ಸ್ಪಷ್ಟವಾಗಿ ತಿಳಿಯಬೇಕು, ಆಗ ಮಾತ್ರ ಒಳಬುದ್ಧಿಯನ್ನು ನಂಬಬಹುದು ಎಂಬಲ್ಲಿ ಇಬ್ಬರೂ ಒಂದಾದರು. ಸೈನಿಕನಿಗೆ ಯುದ್ಧ ಅಪರೂಪ. ಅಲ್ಲಿ ತಪ್ಪಿದರೆ ಪಾಠ ಕಲಿಯಲು ಅವನೇ ಉಳಿಯದಿರಬಹುದು. ಅವನ ತೀರ್ಮಾನಕ್ಕೆ ಫಲ ತೋರಿಸಿ, ತಿದ್ದಿಕೊಳ್ಳಲು ಅವಕಾಶ ಕೊಡುವ ಜಾಗ ಸಿಮ್ಯುಲೇಷನ್ ಒಂದೇ.

ಬೀದರ್ ವಾಯುನೆಲೆಯಲ್ಲಿ ಇದರ ಯಂತ್ರರೂಪ ಇದೆ. ಹಾಕ್ ತರಬೇತಿ ವಿಮಾನಗಳು 2008ರಲ್ಲಿ ಅಲ್ಲಿಗೆ ಬಂದವು, ಜೊತೆಗೆ ಸಿಮ್ಯುಲೇಟರ್‌ಗಳೂ ಬಂದವು. ಹಾಕ್‌ಗೆ ಇರುವುದು ಒಂದೇ ಎಂಜಿನ್. ಕೆಳ ಎತ್ತರದಲ್ಲಿ ಅದು ನಿಂತರೆ ಮತ್ತೆ ಚಾಲೂ ಮಾಡಲು ನೋಡುವುದೋ, ರನ್‌ವೇಗೆ ತಿರುಗುವುದೋ, ಹೊರಕ್ಕೆ ಚಿಮ್ಮುವುದೋ ಎಂದು ತೀರ್ಮಾನಿಸಲು ಸಿಗುವುದು ಸೆಕೆಂಡುಗಳು. ಆಕಾಶದಲ್ಲಿ ಇದನ್ನು ನಿಜವಾಗಿ ಮಾಡಿ ಕಲಿಸುವಂತಿಲ್ಲ. ಸಿಮ್ಯುಲೇಟರ್‌ನಲ್ಲಿ ಬೋಧಕರು ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಎತ್ತರ ಎಷ್ಟಿತ್ತು, ವೇಗ ಎಷ್ಟಿತ್ತು, ನೀನು ಎಲ್ಲಿ ನೋಡುತ್ತಿದ್ದೆ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ನಡೆಸುವ ಹೆಲಿಕಾಪ್ಟರ್ ಅಕಾಡೆಮಿಯಲ್ಲಿ ಧ್ರುವ್ ಚಾಲಕರಿಗೂ ಇಂಥದೇ ಅಭ್ಯಾಸವಿದೆ. ರಕ್ಷಣಾ ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ಮೂರೂ ಪಡೆಗಳಲ್ಲಿ ಸಿಮ್ಯುಲೇಟರ್ ಬಳಕೆ ಹೆಚ್ಚಿಸುವ ನೀತಿ ಚೌಕಟ್ಟನ್ನು ಹೊರಡಿಸಿತು. ಇಂಧನ, ಮದ್ದುಗುಂಡು, ಯಂತ್ರಗಳ ಸವೆತ ಉಳಿಯುತ್ತದೆ, ಜೀವಾಪಾಯವೂ ತಗ್ಗುತ್ತದೆ. ಈ ಲಾಭಗಳನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಗುರಿ ಇಡುವುದು, ಟ್ಯಾಂಕ್ ಓಡಿಸುವುದು, ವಿಮಾನ ಇಳಿಸುವುದು ಮುಖ್ಯವಾಗಿ ಕೈಚಳಕ. ಅರೆಬರೆ ಮಾಹಿತಿಯ ಮೇಲೆ ಬೇರೆಯವರ ಜೀವವನ್ನು ಪಣಕ್ಕಿಡುವ ತೀರ್ಮಾನ ಬೇರೆ ಜಾತಿಯದು. ಅದಕ್ಕೆ ಕೋಟಿಗಟ್ಟಲೆ ಬೆಲೆಯ ಪರದೆ ಬೇಕೇಬೇಕೆಂದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ ಲಿವರ್‌ಪೂಲ್ ನಗರದ ಒಂದು ಕಟ್ಟಡದಲ್ಲಿದೆ. 1942ರ ಆರಂಭ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಸಬ್‌ಮರೀನುಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿವೆ. ಕ್ಷಯರೋಗದ ಕಾರಣಕ್ಕೆ ನೌಕಾಪಡೆಯಿಂದ ಹೊರಬಿದ್ದಿದ್ದ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಅವರನ್ನು ಕರೆಸಿ, ದಾರಿ ಹುಡುಕಿ ಎಂದರು. ಅವರಿಗೆ ಸಿಕ್ಕ ಸಿಬ್ಬಂದಿ ಹೆಚ್ಚಾಗಿ ನೌಕಾಪಡೆಯ ಮಹಿಳಾ ವಿಭಾಗದ ಎಳೆಯ ಹೆಣ್ಣುಮಕ್ಕಳು. ಸಮುದ್ರವನ್ನೇ ಕಾಣದವರೂ ಅವರಲ್ಲಿದ್ದರು. ದೊಡ್ಡ ಕೋಣೆಯ ನೆಲವೇ ಸಮುದ್ರವಾಯಿತು. ಅದರ ಮೇಲೆ ಸೀಮೆಸುಣ್ಣದಿಂದ ಹಡಗುಗಳ ಹಾದಿ ಗೀಚಿದರು. ಕಾವಲು ಹಡಗಿನ ಅಧಿಕಾರಿಗಳನ್ನು ಬಟ್ಟೆಯ ಪರದೆಯ ಹಿಂದೆ ನಿಲ್ಲಿಸಿ, ಸಣ್ಣ ಸೀಳಿನಿಂದ ಮಾತ್ರ ನೋಡಲು ಬಿಟ್ಟರು. ರಾತ್ರಿ ಸಮುದ್ರದಲ್ಲಿ ಅವರಿಗೆ ಎಷ್ಟು ಕಾಣುತ್ತಿತ್ತೋ ಅಷ್ಟೇ ಇಲ್ಲಿಯೂ ಕಾಣಬೇಕು. ಹಿಂದಿನ ದಾಳಿಗಳನ್ನು ನೆಲದ ಮೇಲೆ ಮತ್ತೆ ಮತ್ತೆ ಆಡಿದಾಗ, ಸಬ್‌ಮರೀನು ಹೊರಗಿನಿಂದ ಹೊಡೆಯುತ್ತಿಲ್ಲ, ಕತ್ತಲಲ್ಲಿ ಹಿಂಬದಿಯಿಂದ ಹಡಗುಗಳ ಸಾಲಿನ ಒಳಗೇ ಸೇರಿಕೊಂಡು ಹೊಡೆಯುತ್ತಿದೆ ಎಂಬುದು ಹೊಳೆಯಿತು. ಅದಕ್ಕೆ ಪ್ರತಿತಂತ್ರವೂ ಅಲ್ಲೇ ಹುಟ್ಟಿತು. ಸಬ್‌ಮರೀನು ಯುದ್ಧದಲ್ಲಿ ಪಳಗಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಪರೀಕ್ಷಿಸಲೆಂದು ಸಬ್‌ಮರೀನಿನ ಪಾತ್ರ ವಹಿಸಿ ಆಡಿದಾಗ, ಎದುರಿಗಿದ್ದ ಜ್ಯಾನೆಟ್ ಓಕೆಲ್ ಎಂಬ ಯುವತಿ ಅವರನ್ನು ಐದು ಬಾರಿಯೂ ಮುಳುಗಿಸಿದಳು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 5,000 ಅಧಿಕಾರಿಗಳು ಆ ನೆಲದ ಮೇಲೆ ಕಲಿತು ಹೋಗಿದ್ದರು. ಸೀಮೆಸುಣ್ಣದ ಖರ್ಚಿನಲ್ಲಿ ಅಷ್ಟು ಜೀವ ಉಳಿಸಿದ ಆಟ ಬೇರೊಂದಿರಲಾರದು.

ಆಟ ಕೆಡುವುದು ಎಲ್ಲಿ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿದೆ. 1942ರ ಮೇ ತಿಂಗಳಲ್ಲಿ ಜಪಾನಿ ನೌಕಾಪಡೆ ಮಿಡ್‌ವೇ ದಾಳಿಯ ಯೋಜನೆಯನ್ನು ಯಮಾಟೊ ಹಡಗಿನಲ್ಲಿ ಆಡಿ ನೋಡಿತು. ಶತ್ರು ವಿಮಾನಗಳ ಒಂಬತ್ತು ಬಾಂಬು ತಗುಲಿವೆ ಎಂದು ಅಂಪೈರ್ ತೀರ್ಪಿತ್ತರೆ, ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಅದನ್ನು ಮೂರಕ್ಕೆ ಇಳಿಸಿದರು. ಮುಳುಗಿದ ಕಾಗಾ ಹಡಗನ್ನು ಮುಂದಿನ ಆಟಕ್ಕೆ ಮತ್ತೆ ತೇಲಿಸಿದರು. ಜೂನ್ 4ರಂದು ನಿಜವಾದ ಕಾಳಗದಲ್ಲಿ ಕಾಗಾ ಸೇರಿ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳಿಗೆ ಮಾರಣಾಂತಿಕ ಪೆಟ್ಟು ಬಿತ್ತು. ಅರವತ್ತು ವರ್ಷದ ಮೇಲೆ, 2002ರಲ್ಲಿ, ಅಮೆರಿಕ ಸುಮಾರು 25 ಕೋಟಿ ಡಾಲರ್ ಸುರಿದು ನಡೆಸಿದ 'ಮಿಲೆನಿಯಮ್ ಚಾಲೆಂಜ್'ನಲ್ಲೂ ಇದೇ ಕಥೆ. ಎದುರಾಳಿಯ ಪಾತ್ರ ವಹಿಸಿದ್ದ ನಿವೃತ್ತ ಜನರಲ್ ಪಾಲ್ ವ್ಯಾನ್ ರೈಪರ್ ರೇಡಿಯೊ ಬಿಟ್ಟು ಮೋಟರ್‌ಸೈಕಲ್ ದೂತರ ಕೈಯಲ್ಲಿ ಆದೇಶ ಕಳಿಸಿ, ಹದಿನಾರು ಹಡಗುಗಳನ್ನು ಲೆಕ್ಕದಲ್ಲಿ ಮುಳುಗಿಸಿದರು. ಹಡಗುಗಳನ್ನು ಮತ್ತೆ ತೇಲಿಸಿ, ಅವರ ಕೈಕಟ್ಟಿ ಆಟ ಮುಂದುವರಿಸಲಾಯಿತು. ಅವರು ಪ್ರತಿಭಟಿಸಿ ಆ ಪಾತ್ರದಿಂದ ಹೊರನಡೆದರು.

ನಮ್ಮಲ್ಲಿ ನಡೆದದ್ದು ಇನ್ನೊಂದು ಬಗೆಯ ಸೋಲು. 1960ರ ಮಾರ್ಚ್‌ನಲ್ಲಿ ಪೂರ್ವ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಾತ್ ಲಖನೌದಲ್ಲಿ 'ಲಾಲ್ ಕಿಲಾ' ಎಂಬ ಅಭ್ಯಾಸ ನಡೆಸಿದರು. ಈಶಾನ್ಯ ಗಡಿಯಲ್ಲಿ ಚೀನಾ ಹೇಗೆ ಬರಬಹುದು, ನಮ್ಮ ಕೈಯಲ್ಲಿರುವ ಬಲಕ್ಕೆ ಅದನ್ನು ಎಲ್ಲಿ ತಡೆಯಲು ಸಾಧ್ಯ ಎಂಬುದನ್ನು ಅದು ಎಳೆ ಎಳೆಯಾಗಿ ತೋರಿಸಿತು. ಆಗ ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯ ಥೋರಾತರ ಎಚ್ಚರಿಕೆಯನ್ನು ಒಪ್ಪಿ ಮೇಲಕ್ಕೆ ಮುಟ್ಟಿಸಿದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅದಕ್ಕೆ ಬೆಲೆ ಕೊಡಲಿಲ್ಲ. 1962ರಲ್ಲಿ ಅದರ ಬೆಲೆ ತೆತ್ತವರು ಸೈನಿಕರು. ಇಲ್ಲಿ ಆಟ ಸುಳ್ಳಾಡಲಿಲ್ಲ. ತೀರ್ಮಾನ ಮಾಡಬೇಕಾದವರು ಆಟದ ಕೋಣೆಯಲ್ಲಿ ಇರಲಿಲ್ಲ. ಹಿರಿಯರ ಮಟ್ಟದ ಆಟಗಳಲ್ಲಿ ಮಂತ್ರಿಗಳೂ ಕಾರ್ಯದರ್ಶಿಗಳೂ ಕೂತು ತಾವೇ ಆದೇಶ ಕೊಡಬೇಕು ಎಂದು ನಾನು ಹೇಳುವುದು ಇದಕ್ಕೇ.

ತಿಮ್ಮಯ್ಯನವರ ಹೆಸರು ಬಂದದ್ದರಿಂದ ಕಾಶ್ಮೀರದ ಜೋಜಿಲಾ ನೆನೆಯದಿರಲಾಗದು. 1948ರ ಸೆಪ್ಟೆಂಬರ್‌ನಲ್ಲಿ ಆ ಕಣಿವೆ ದಾರಿಯ ಮೇಲೆ ಪದಾತಿ ಪಡೆ ನಡೆಸಿದ ದಾಳಿ ವಿಫಲವಾಗಿತ್ತು. ನವೆಂಬರ್ 1ರಂದು ತಿಮ್ಮಯ್ಯ ಅಲ್ಲಿಗೆ ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಸಮುದ್ರಮಟ್ಟದಿಂದ 11,000 ಅಡಿಗೂ ಮೇಲೆ ಟ್ಯಾಂಕು ಬರುತ್ತದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಅಂದಿನ ಯಾವ ನಿಯಮಪುಸ್ತಕವಾದರೂ ಆ ನಡೆಯನ್ನು ಅಸಾಧ್ಯ ಎಂದು ತಳ್ಳಿಹಾಕುತ್ತಿತ್ತೇನೋ. ನಿಯಮಗಳನ್ನು ಯಂತ್ರದೊಳಗೆ ಬರೆದು ಬೀಗ ಹಾಕಿದ ಆಟದಲ್ಲಿ ಇಂಥ ನಡೆಗೆ ಬಾಗಿಲೇ ಇರುವುದಿಲ್ಲ. ವಿವೇಚನೆಯುಳ್ಳ ಅಂಪೈರ್ ಮಾತ್ರ, 'ರಸ್ತೆ ಹೇಗೆ ಅಗಲ ಮಾಡುತ್ತೀಯ, ಟ್ಯಾಂಕಿನ ಸುದ್ದಿ ಹೊರಗೆ ಹೋಗದಂತೆ ಹೇಗೆ ಬಚ್ಚಿಡುತ್ತೀಯ' ಎಂದು ಕೇಳಿ, ಉತ್ತರ ಗಟ್ಟಿಯಾಗಿದ್ದರೆ ಬಿಟ್ಟುಕೊಡಬಲ್ಲ. ದೆಹಲಿಯಲ್ಲಿರುವ ಸೇನೆಯ ವಾರ್‌ಗೇಮಿಂಗ್ ಕೇಂದ್ರ 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡು ಕೃತಕ ಬುದ್ಧಿಮತ್ತೆಯ ಯುದ್ಧಕ್ರೀಡೆಗಳನ್ನು ರೂಪಿಸಲು ಹೊರಟಿತು. ಅಲ್ಲಿನವರು ಈ ಒಂದು ಅಂಶವನ್ನು ಕೈಬಿಡಬಾರದು: ಯಂತ್ರ ತೀರ್ಪು ಕೊಟ್ಟರೆ ಸಾಲದು, ಕಾರಣವನ್ನೂ ಅಧಿಕಾರಿಗೆ ಅರ್ಥವಾಗುವಂತೆ ಹೇಳಬೇಕು. ಕಾರಣ ಕಾಣದ ತೀರ್ಪಿನಿಂದ ಯಾರೂ ಏನನ್ನೂ ಕಲಿಯರು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವುದು, ಈ ಆಟಗಳ ಗಡಿಯನ್ನು ಎಲ್ಲಿ ಎಳೆಯುತ್ತಾರೆ ಎಂಬುದು. ಸೈನಿಕ ಲೆಕ್ಕದಲ್ಲಿ ಹೈದರಾಬಾದ್ ಕಾರ್ಯಾಚರಣೆ 13ರಂದು ಶುರುವಾಗಿ 17ಕ್ಕೆ ಮುಗಿಯುತ್ತದೆ. ಜನರ ಲೆಕ್ಕದಲ್ಲಿ ಅದು ಮೊದಲೇ ಶುರುವಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮರ ಪರವಾಗಿದ್ದ ಸಶಸ್ತ್ರ ದಳ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಈ ಸೀಮೆ ಇನ್ನೂ ಮರೆತಿಲ್ಲ. ಕದನವಿರಾಮದಿಂದಲೂ ಅದು ಮುಗಿಯಲಿಲ್ಲ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಆ ವರ್ಷದ ಕೊನೆಯಲ್ಲಿ ಊರೂರು ತಿರುಗಿ, ಕಾರ್ಯಾಚರಣೆಯ ಸಂದರ್ಭದಲ್ಲೂ ಅದರ ನಂತರವೂ ಕನಿಷ್ಠ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಅಂದರೆ ಮೊದಲು ಹೇಳಿದ, ಇಂದು ತೆಲಂಗಾಣದಲ್ಲಿರುವ ನಾಲ್ಕೂ ತಾಲ್ಲೂಕುಗಳು ಆಗ ಸೇರಿದ್ದ ಜಿಲ್ಲೆಗಳೂ ಅದರಲ್ಲಿವೆ. ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಜನರನ್ನು ಕಾಪಾಡಿದ ಸೇನಾಧಿಕಾರಿಗಳನ್ನೂ ಅದು ನೆನೆದಿದೆ, ಕಾಪಾಡದೆ ಹೋದವರನ್ನೂ ಹೇಳಿದೆ.

ಹಾಗಾದರೆ ಜಹೀರಾಬಾದ್ ಪಾಠಕ್ಕೆ ಇನ್ನೊಂದು ಪುಟ ಬೇಕು. ದೊಡ್ಡ ಪಡೆ ಮುಂದೆ ಹೋಗಿದೆ, ನೀವು ಹಿಂದೆ ಉಳಿದ ತುಕಡಿಯ ಕ್ಯಾಪ್ಟನ್. ಗುಂಡಿನ ಸದ್ದು ಅಡಗಿದೆ. ಪಕ್ಕದ ಹಳ್ಳಿಯಿಂದ ಒಬ್ಬ ಮುದುಕ ಓಡಿ ಬಂದು ಏನೋ ಹೇಳುತ್ತಿದ್ದಾನೆ. ಅವನ ಮಾತು ಕನ್ನಡವೋ ತೆಲುಗೋ ಉರ್ದುವೋ ನಿಮಗೆ ತಿಳಿಯದು, ಕೈ ತೋರಿಸುತ್ತಿರುವ ದಿಕ್ಕಿನಲ್ಲಿ ಹೊಗೆ ಕಾಣುತ್ತಿದೆ. ನಿಮ್ಮ ಆದೇಶದಲ್ಲಿ ರಸ್ತೆ ಕಾಯುವುದಷ್ಟೇ ಇದೆ. ಊರಿನೊಳಕ್ಕೆ ಎಷ್ಟು ಜನರನ್ನು ಕಳಿಸುತ್ತೀರಿ? ಮಾತು ತಿಳಿಯುವವರನ್ನು ಎಲ್ಲಿಂದ ತರುತ್ತೀರಿ? ಸಿಕ್ಕಿಬಿದ್ದವರನ್ನು ಯಾರ ವಶಕ್ಕೆ ಕೊಡುತ್ತೀರಿ, ರಾತ್ರಿ ಊರಿಗೆ ಯಾರು ಕಾವಲು? ಮೊದಲ ಪುಟದ ಪ್ರಶ್ನೆಗಿಂತ ಇದು ಕಷ್ಟದ್ದು. ಇಂದಿನ ಅಧಿಕಾರಿಯ ಸೇವೆಯಲ್ಲಿ ಎದುರಾಗುವ ಸಾಧ್ಯತೆ ಹೆಚ್ಚಿರುವುದೂ ಇದೇ.

ಸೇನಾಧಿಕಾರಿಗಳನ್ನು ಆಯ್ಕೆ ಮಾಡುವ ಬೆಂಗಳೂರಿನ ಎಸ್‌ಎಸ್‌ಬಿಗೆ ಹೋಗಿ ಬಂದ ಹುಡುಗ ಹುಡುಗಿಯರಿಗೆ ಇದರ ಒಂದು ಸಣ್ಣ ರೂಪ ಗೊತ್ತಿದೆ. ಗ್ರೂಪ್ ಪ್ಲಾನಿಂಗ್ ಎಕ್ಸರ್‌ಸೈಜ್‌ನಲ್ಲಿ ಒಂದು ಊರಿನ ಮಾದರಿ ಇಟ್ಟು, ಹಳಿ ತಪ್ಪಿಸುವ ಸಂಚು, ಗಾಯಾಳು, ಬೆಂಕಿ ಎಂದು ಹಲವು ತೊಂದರೆಗಳನ್ನು ಒಟ್ಟಿಗೆ ಮುಂದಿಟ್ಟು, ಯಾವುದಕ್ಕೆ ಮೊದಲು ಕೈಹಾಕುತ್ತೀರಿ ಎಂದು ಕೇಳುತ್ತಾರೆ. ಮೊದಲು ಒಬ್ಬೊಬ್ಬರೇ ಬರೆಯಬೇಕು, ಆಮೇಲೆ ಎಲ್ಲರೂ ಕೂಡಿ ಒಂದು ಯೋಜನೆಗೆ ಬರಬೇಕು. ಅಲ್ಲಿ ಜನಸಾಮಾನ್ಯರು ಮೊದಲ ಸಾಲಿನಲ್ಲೇ ಇರುತ್ತಾರೆ. ಆಯ್ಕೆಯಾಗಿ ಮೇಲೇರುತ್ತಾ ಹೋದಂತೆ ಆಟದ ನಕಾಶೆಗಳಲ್ಲಿ ಊರುಗಳು ಬರೀ ಹೆಸರುಗಳಾಗಿ ಉಳಿಯುವ ಅಪಾಯವಿದೆ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ, ಎನ್‌ಸಿಸಿ ಶಿಬಿರಗಳಲ್ಲಿ ಒಂದು ನಕಾಶೆ, ಒಂದು ಪುಟ, ಒಬ್ಬ ಒಳ್ಳೆಯ ಪ್ರಶ್ನೆ ಕೇಳುವ ಗುರು ಇದ್ದರೆ ಈ ಅಭ್ಯಾಸ ನಡೆದೀತು. ಸಿಕಂದರಾಬಾದಿನಲ್ಲೋ ಮಹೂದಲ್ಲೋ ದೊಡ್ಡ ಆಟ ನಡೆಯುವಾಗ ಅಂಪೈರರ ಸಾಲಿನಲ್ಲಿ ಸೈನಿಕರ ಜೊತೆಗೆ ನಿವೃತ್ತ ತಹಸೀಲ್ದಾರರೊಬ್ಬರು, ಜಿಲ್ಲಾಸ್ಪತ್ರೆ ನಡೆಸಿದ ವೈದ್ಯರೊಬ್ಬರು, ಆ ಸೀಮೆಯ ಮೂರು ಭಾಷೆ ಬಲ್ಲ ಶಾಲಾ ಶಿಕ್ಷಕಿಯೊಬ್ಬರು ಕೂತಿರಲಿ. ಅಧಿಕಾರಿ ಕೊಟ್ಟ ಆದೇಶದ ಫಲವಾಗಿ ಎರಡನೆಯ ದಿನ ಬಾವಿ, ಸಂತೆ, ಆಸ್ಪತ್ರೆಗಳಲ್ಲಿ ಏನಾಯಿತು ಎಂದು ಅವರು ಹೇಳಲಿ, ಆ ತೀರ್ಪಿಗೂ ಗುಂಡಿನ ತೀರ್ಪಿನಷ್ಟೇ ಅಂಕ ಇರಲಿ.